ಪಿಕಪ್ ಗಾಡಿಯ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಮನೆಯಲ್ಲೇ ಬದಲಿಸಲು ಕಲಿಯಬಹುದೇ?

ಗಂಗಾವತಿಯ ಪಿಕಪ್ ಮಾಲೀಕ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಆರು ವರ್ಷ ಹಳೆಯದಾದ ಬೊಲೆರೊ ಪಿಕಪ್ ಒಂದಿದೆ. ಗಂಗಾವತಿಯ ಗಿರಣಿಗಳಿಂದ ಕಂಪ್ಲಿಯ ಮೇಲೆ ಬಳ್ಳಾರಿಗೆ ಅಕ್ಕಿ ಮತ್ತು ತೌಡಿನ ಚೀಲಗಳನ್ನು ಸಾಗಿಸುವುದು ನನ್ನ ನಿತ್ಯದ ಬಾಡಿಗೆ. ಗಾಡಿ ನಡೆಸಬಲ್ಲೆನೇ ಹೊರತು ರಿಪೇರಿ ಬಲ್ಲವನಲ್ಲ. ಸ್ಟೆಪ್ನಿ ಹಾಕುವುದು, ಇಂಜಿನ್ ಆಯಿಲ್ ನೋಡುವುದು, ಇಷ್ಟೇ ನನ್ನ ವಿದ್ಯೆ.

ಎರಡು ವಾರಗಳಿಂದ ಬ್ರೇಕ್ ಒತ್ತಿದಾಗಲೆಲ್ಲ ಎಡಗಡೆಯ ಮುಂದಿನ ಗಾಲಿಯಿಂದ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದಂಥ ಸದ್ದು ಬರುತ್ತಿದೆ. ಗಾಲಿ ಬಿಚ್ಚಿ ನೋಡಿದಾಗ ಒಳಬದಿಯ ಪ್ಯಾಡ್ ಹೆಚ್ಚುಕಡಿಮೆ ತಗಡಿನ ಮಟ್ಟಕ್ಕೆ ಸವೆದಿರುವುದೂ, ಹೊರಬದಿಯದು ಅರ್ಧಕ್ಕಿಂತ ಹೆಚ್ಚು ಉಳಿದಿರುವುದೂ ಕಂಡಿತು. ಈ ಪ್ಯಾಡ್‌ಗಳನ್ನು ಎಂಟು ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದೆ. ಈ ಸಲ ಕೆಲಸವನ್ನು ನಾನೇ ಕಲಿತು ಮಾಡಬೇಕೆಂಬ ಆಸೆಯಿದೆ. ಹೊಸಬನೊಬ್ಬ ಮನೆಯಂಗಳದಲ್ಲಿ ಇದನ್ನು ಮಾಡಬಹುದೇ? ಯಾವ ಸಾಮಾನುಗಳು ಬೇಕು? ನಮ್ಮ ಅಂಗಳಕ್ಕೆ ಶಹಾಬಾದಿ ಕಲ್ಲು ಹಾಸಿದೆ, ಅದರಾಚೆ ಎರೆಮಣ್ಣು. ಇನ್ನೊಂದು ಮಾತು: ನನ್ನ ಭಾವನವರ ಬಳಿ ಹತ್ತು ಗಾಲಿಯ ಲಾರಿಯಿದೆ. ಇದನ್ನು ಕಲಿತರೆ ಅದರ ಬ್ರೇಕನ್ನೂ ನಾನೇ ನೋಡಿಕೊಳ್ಳಬಹುದೇ?

ಬಳ್ಳಾರಿಯ ಹಳೆಯ ಮೇಸ್ತ್ರಿ

ನೀವು ಬರೆದುದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಸವೆದ ಪ್ಯಾಡ್ ಅಲ್ಲ, ಅದರ ಜೊತೆಯಲ್ಲೇ ಇದ್ದು ಸವೆಯದೆ ಉಳಿದ ಪ್ಯಾಡ್. ಇಂಥ ಗಾಡಿಗಳ ಕ್ಯಾಲಿಪರಿನಲ್ಲಿ, ಅಂದರೆ ಪ್ಯಾಡ್‌ಗಳನ್ನು ಒತ್ತುವ ಇಕ್ಕಳದಂಥ ಭಾಗದಲ್ಲಿ, ಆಯಿಲ್ ಒತ್ತಡಕ್ಕೆ ಮುಂದೆ ಬರುವ ಪಿಸ್ಟನ್ ಒಳಬದಿಗೆ ಮಾತ್ರ ಇರುತ್ತದೆ. ಅದು ಮೊದಲು ಒಳಗಿನ ಪ್ಯಾಡನ್ನು ಗಾಲಿಯೊಡನೆ ತಿರುಗುವ ಡಿಸ್ಕಿಗೆ ಒತ್ತುತ್ತದೆ. ಅನಂತರ ಇಡೀ ಕ್ಯಾಲಿಪರೇ ಎರಡು ಪಿನ್ನುಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ಡಿಸ್ಕಿಗೆ ತಾಗಿಸುತ್ತದೆ. ಆ ಪಿನ್ನು ತುಕ್ಕು ಹಿಡಿದೋ ಧೂಳು ಹೊಕ್ಕೋ ಬಿಗಿದರೆ ಎಲ್ಲ ಕೆಲಸ ಒಳಗಿನ ಪ್ಯಾಡಿನ ಮೇಲೆಯೇ ಬೀಳುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಪಿನ್ನಿನ ರಬ್ಬರ್ ಹರಿದಲ್ಲಿಂದ ಒಳಹೊಕ್ಕು, ಗ್ರೀಸಿನೊಡನೆ ಬೆರೆತು ಗಾರೆಯಂತೆ ಗಟ್ಟಿಯಾದುದನ್ನು ಎಷ್ಟೋ ಸಲ ಕಂಡಿದ್ದೇನೆ. ಪಿಸ್ಟನ್ನೇ ಹಿಂದಕ್ಕೆ ಸರಿಯದೆ ನಿಂತರೂ ಹೀಗೆಯೇ ಸವೆಯುತ್ತದೆ. ಆದ್ದರಿಂದ ಹೊಸ ಪ್ಯಾಡ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಎಂಟು ತಿಂಗಳ ಹಿಂದೆ ಆದದ್ದು ಬಹುಶಃ ಅದೇ.

ಹೊಸಬರು ಮಾಡಬಹುದೇ ಎಂದರೆ, ಮಾಡಬಹುದು. ಪ್ಯಾಡ್ ಬದಲಿಸುವುದು ಕಷ್ಟದ ಕೆಲಸವಲ್ಲ, ಗಾಡಿಯನ್ನು ಎತ್ತಿ ನಿಲ್ಲಿಸುವುದೇ ಅಪಾಯದ ಕೆಲಸ. ಶಹಾಬಾದಿ ಕಲ್ಲಿನ ಕೆಳಗೆ ಎಲ್ಲಿಯಾದರೂ ಟೊಳ್ಳಿದ್ದರೆ ಜಾಕಿನ ಭಾರಕ್ಕೆ ಅದು ಸೀಳುತ್ತದೆ. ಎರೆಮಣ್ಣಿನಲ್ಲಂತೂ ಜಾಕು ನಿಮ್ಮ ಕಣ್ಣೆದುರಿಗೇ ಇಳಿಯುತ್ತದೆ. ಗಿರಣಿಯ ಕಾಂಕ್ರೀಟ್ ನೆಲದಲ್ಲಿ ಅರ್ಧ ದಿನದ ಮಟ್ಟಿಗೆ ಜಾಗ ಕೇಳಿಕೊಳ್ಳಿ. ಗಾಡಿ ಖಾಲಿಯಿರಲಿ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಎತ್ತಿದ ಕೂಡಲೇ ಜಾಕ್ ಸ್ಟ್ಯಾಂಡ್ ಕೊಟ್ಟು ಭಾರವನ್ನು ಅದರ ಮೇಲೆ ಇಳಿಸಿ. ಬಿಚ್ಚಿದ ಗಾಲಿಯನ್ನು ಚಾಸಿಯ ಕೆಳಗೆ ಮಲಗಿಸಿಡಿ. ಸಿಮೆಂಟ್ ಇಟ್ಟಿಗೆಯನ್ನು ಸ್ಟ್ಯಾಂಡಿನ ಬದಲಿಗೆ ಎಂದೂ ಬಳಸಬೇಡಿ, ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಕೆಳಗಿನ ಬೋಲ್ಟ್ ಬಿಚ್ಚಿದರೆ ಕ್ಯಾಲಿಪರನ್ನು ಮೇಲಕ್ಕೆ ಮಡಚಬಹುದು. ಪೂರ್ತಿ ಬಿಚ್ಚುವುದಾದರೆ ತಂತಿಯಿಂದ ಮೇಲೆ ಕಟ್ಟಿ, ಬ್ರೇಕ್ ಹೋಸಿನ ಮೇಲೆ ಜೋತುಬಿಡಬೇಡಿ. ಹಳೆಯ ಪ್ಯಾಡ್ ಹೊರಗೆ ಬಂದ ಮೇಲೆ ಪಿನ್ನುಗಳನ್ನು ಕೈಯಿಂದ ಎಳೆದು ನೋಡಿ. ಬೆರಳ ಬಲಕ್ಕೆ ಜಾರಬೇಕು. ಜಾರದಿದ್ದರೆ ತೆಗೆದು, ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ಅದಕ್ಕೆ ರಬ್ಬರ್ ಉಬ್ಬಿಕೊಳ್ಳುತ್ತದೆ. ಅನಂತರ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆರೆದು, ಹಳೆಯ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡಕೊಟ್ಟು, ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ಒಳಕ್ಕೆ ಒತ್ತಿ. ಆಗ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ಹೊರಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ, ಮೊದಲೇ ಸ್ವಲ್ಪ ಹೀರಿ ತೆಗೆದಿಡಿ. ಡಿಸ್ಕಿನಲ್ಲಿ ಉಗುರು ಸಿಕ್ಕುವಷ್ಟು ಆಳದ ಗೀರಿದ್ದರೆ, ಇಲ್ಲವೇ ಅದರ ದಪ್ಪ ಕಂಪನಿ ಹೇಳಿದ ಕನಿಷ್ಠ ಅಳತೆಗಿಂತ ಕಡಿಮೆಯಾಗಿದ್ದರೆ ಡಿಸ್ಕನ್ನೂ ಬದಲಿಸಬೇಕಾಗುತ್ತದೆ.

ಎಡ ಮತ್ತು ಬಲ ಎರಡೂ ಗಾಲಿಗಳ ಪ್ಯಾಡನ್ನು ಒಟ್ಟಿಗೇ ಬದಲಿಸಿ, ಆದರೆ ಎರಡನ್ನೂ ಒಮ್ಮೆಗೇ ಬಿಚ್ಚಬೇಡಿ. ಯಾವ ಕ್ಲಿಪ್ ಎಲ್ಲಿತ್ತೆಂದು ಮರೆತಾಗ ಬಿಚ್ಚದ ಬದಿಯೇ ನಿಮಗೆ ಪುಸ್ತಕ. ಅಂದಹಾಗೆ, ಕಬ್ಬಿಣ ತಿಕ್ಕುವ ಸದ್ದು ಬಂದ ಮೇಲೂ ಎರಡು ವಾರ ಲೋಡು ಹೊತ್ತಿರಿ ಎಂಬುದು ನನಗೆ ಸರಿಬರಲಿಲ್ಲ. ಕೆಲಸ ಮುಗಿಯುವವರೆಗೆ ಗಾಡಿ ನಿಲ್ಲಲಿ.

ರಾಯಚೂರಿನ ಡಿಪ್ಲೊಮಾ ಓದುಗ

ಮೇಸ್ತ್ರಿಗಳ ಮಾತಿಗೆ ಒಂದು ಸೇರಿಕೆ, ಒಂದು ಭಿನ್ನಾಭಿಪ್ರಾಯ. ಗಾಲಿಯೊಳಗಿನ ಕಪ್ಪು ಪುಡಿಯನ್ನು ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದ ಊದಿಸುವ ರೂಢಿ ನಮ್ಮಲ್ಲಿ ಬಹಳವಿದೆ. ಹಳೆಯ ಲೈನರ್ (ಡ್ರಮ್ ಬ್ರೇಕಿನಲ್ಲಿ ಪ್ಯಾಡಿನ ಕೆಲಸ ಮಾಡುವ ಪಟ್ಟಿ) ಹಾಗೂ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇದ್ದಿರಬಹುದು, ಅದರ ಎಳೆ ಶ್ವಾಸಕೋಶ ಹೊಕ್ಕರೆ ಹೊರಗೆ ಬರುವುದಿಲ್ಲ. ಸಾಬೂನು ನೀರಿನಿಂದ ತೋಯಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಿರಿ. ಡೀಸೆಲ್ ಅಥವಾ ಸೀಮೆಎಣ್ಣೆಯಿಂದ ತೊಳೆಯಬೇಡಿ, ಅದರ ಜಿಡ್ಡು ಪ್ಯಾಡಿಗೆ ಹತ್ತಿದರೆ ಆ ಪ್ಯಾಡ್ ಕೆಟ್ಟಿತೆಂದೇ ಲೆಕ್ಕ.

ಭಿನ್ನಾಭಿಪ್ರಾಯವೆಂದರೆ, ಪಿಸ್ಟನ್ ಒತ್ತುವಾಗ ಕೊಳೆತ ಆಯಿಲನ್ನು ಮೇಲಕ್ಕೆ, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಏಕೆ ಕಳಿಸಬೇಕು? ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ತೆರೆದು ಅಲ್ಲಿಂದಲೇ ಹೊರಗೆ ಬಿಡುವುದು ಮೇಲು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ; ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಲೋಡು ಹೊತ್ತು ಮತ್ತೆ ಮತ್ತೆ ಬ್ರೇಕ್ ಒತ್ತುವ ಗಾಡಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆಯಿಲ್ ಕುದಿದು ಆವಿಯಾದರೆ ಪೆಡಲ್ ಸುಮ್ಮನೆ ಕೆಳಗೆ ಹೋಗುತ್ತದೆ.

ಬಳ್ಳಾರಿಯ ಹಳೆಯ ಮೇಸ್ತ್ರಿ

ನಿಪ್ಪಲ್ ತೆರೆಯುವ ಕ್ರಮ ತಪ್ಪಲ್ಲ, ನನ್ನ ಗ್ಯಾರೇಜಿನಲ್ಲಿ ನಾನೂ ಹಾಗೆಯೇ ಮಾಡಿದ್ದೇನೆ. ಆದರೆ ಮೊದಲ ಸಲ ಪಾನಾ ಹಿಡಿದವರು ಅದನ್ನು ತೆರೆದರೆ ಗಾಳಿ ಒಳಸೇರುವುದು, ತುಕ್ಕು ಹಿಡಿದ ನಿಪ್ಪಲ್ ಮುರಿಯುವುದು, ಇವೆರಡರಲ್ಲಿ ಒಂದು ನಡೆದೇ ತೀರುತ್ತದೆ. ಆಯಿಲ್ ಬದಲಿಸುವುದು ಬೇರೊಂದು ದಿನದ ಪಾಠವಾಗಲಿ.

ಕೊಪ್ಪಳದ ಲಾರಿ ಚಾಲಕ

ಗಂಗಾವತಿಯ ಅಣ್ಣಾವರ ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಭಾವನವರ ಲಾರಿಯ ಬ್ರೇಕನ್ನು ಮನೆಯಲ್ಲಿ ಬಿಚ್ಚಬೇಡಿ. ಅಂಥ ಲಾರಿಗಳಲ್ಲಿ ಒತ್ತುವುದು ಆಯಿಲ್ ಅಲ್ಲ, ಗಾಳಿ. ಪ್ಯಾಡಿನ ಬದಲು ಡ್ರಮ್ಮಿನೊಳಗೆ ರಿವೆಟ್ ಹೊಡೆದ ಲೈನರ್ ಇರುತ್ತದೆ. ಡ್ರಮ್ಮನ್ನು ಒಬ್ಬರೇ ಇಳಿಸಲಾಗದು. ಅದಕ್ಕಿಂತಲೂ ಅಪಾಯದ್ದು ಹಿಂದಿನ ಬ್ರೇಕ್ ಚೇಂಬರಿನೊಳಗಿನ, ಅಂದರೆ ಗಾಳಿಯಿಂದ ಬ್ರೇಕ್ ನಡೆಸುವ ಡಬ್ಬಿಯೊಳಗಿನ ಸ್ಪ್ರಿಂಗ್. ಟ್ಯಾಂಕಿನಲ್ಲಿ ಗಾಳಿ ಇಳಿದಾಗ ಲಾರಿ ತಾನಾಗಿ ಹಿಡಿದು ನಿಲ್ಲುವುದು ಆ ಸ್ಪ್ರಿಂಗಿನಿಂದಲೇ. ಅದನ್ನು ಬೋಲ್ಟಿನಿಂದ ಬಿಗಿದು ಬಂಧಿಸದೆ ಚೇಂಬರ್ ತೆರೆದರೆ ಗುಂಡಿನಂತೆ ಹಾರಿ ಪ್ರಾಣ ತೆಗೆಯುತ್ತದೆ. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದ ನಾನೇ ಅದರ ಹತ್ತಿರ ಹೋಗುವುದಿಲ್ಲ. ಬೆಳಿಗ್ಗೆ ಟ್ಯಾಂಕಿನ ನೀರು ಬಿಡುವುದು, ಗಾಳಿ ಸೋರುವ ಸದ್ದಿಗೆ ಕಿವಿಗೊಡುವುದು, ಇಷ್ಟನ್ನು ನೀವು ಕಲಿತು ಭಾವನವರಿಗೂ ಕಲಿಸಬಹುದು.

ಗಂಗಾವತಿಯ ಪಿಕಪ್ ಮಾಲೀಕ

ಎಲ್ಲರಿಗೂ ಕೃತಜ್ಞತೆಗಳು. ಗಿರಣಿಯ ಕಾಂಕ್ರೀಟ್ ಅಂಗಳದಲ್ಲಿ ನಿನ್ನೆ ಭಾನುವಾರ ಕೆಲಸ ಮುಗಿಸಿದೆ. ಮೇಸ್ತ್ರಿಗಳು ಊಹಿಸಿದಂತೆಯೇ ಎಡಗಡೆಯ ಕೆಳಗಿನ ಪಿನ್ನಿನ ರಬ್ಬರ್ ಹರಿದಿತ್ತು. ಕಂಪ್ಲಿಯ ಸೇತುವೆಯ ಮೇಲೆ ಹೊಳೆ ಉಕ್ಕಿ ಇಳಿದ ಮೇಲೆ ರಾಡಿಯಲ್ಲಿ ದಾಟಿದ್ದರ ಫಲವೋ ಏನೋ, ಒಳಗೆಲ್ಲ ಕೆಸರು ಒಣಗಿ ಕೂತಿತ್ತು. ಪಿನ್ನನ್ನು ಹೊರತೆಗೆಯಲು ಒಂದೂವರೆ ಗಂಟೆ ಹಿಡಿಯಿತು. ಎಡಗಡೆಗೆ ಒಟ್ಟು ನಾಲ್ಕು ಗಂಟೆ, ಬಲಗಡೆಗೆ ಐವತ್ತು ನಿಮಿಷ. ಡಿಸ್ಕಿನಲ್ಲಿ ಸಣ್ಣ ಗೀರುಗಳಿವೆ, ಉಗುರು ಸಿಕ್ಕುವುದಿಲ್ಲ.

ಒಂದು ಸಂಗತಿಯನ್ನು ಮಾತ್ರ ಯಾರೂ ಮುಂಚೆ ಹೇಳಿರಲಿಲ್ಲ. ಎಲ್ಲವನ್ನೂ ಜೋಡಿಸಿ ಕ್ಯಾಬಿನ್ ಹತ್ತಿ ಬ್ರೇಕ್ ಒತ್ತಿದರೆ ಪೆಡಲ್ ನೇರವಾಗಿ ನೆಲ ಮುಟ್ಟಿತು. ಎದೆ ಧಸಕ್ಕೆಂದಿತು. ಇಂಜಿನ್ ಶುರು ಮಾಡಿರಲಿಲ್ಲವಾದ್ದರಿಂದ ಬಚಾವಾದೆ. ಐದಾರು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. ಇದು ಸರಿಯೇ? ಹರಿದ ರಬ್ಬರಿನ ಜಾಗಕ್ಕೆ ಹೊಸದು ಸಿಗುವವರೆಗೆ ಏನು ಮಾಡಲಿ?

ಬಳ್ಳಾರಿಯ ಹಳೆಯ ಮೇಸ್ತ್ರಿ

ಹೇಳದೆ ಬಿಟ್ಟದ್ದು ನನ್ನ ತಪ್ಪು. ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದ್ದರಿಂದ ಅದು ಮತ್ತೆ ಪ್ಯಾಡನ್ನು ಮುಟ್ಟುವವರೆಗೆ ಪೆಡಲ್ ಪೊಳ್ಳಾಗಿರುವುದು ಸಹಜ; ಆದುದರಿಂದಲೇ ಗಾಡಿ ಕದಲುವ ಮೊದಲು ಒತ್ತಿ ಒತ್ತಿ ಗಟ್ಟಿ ಮಾಡಿಕೊಳ್ಳಬೇಕು. ಗಟ್ಟಿಯಾದ ಪೆಡಲನ್ನು ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಅಥವಾ ಸ್ಪಂಜಿನಂತೆ ಮೆತ್ತಗೆನಿಸಿದರೆ ಮಾತ್ರ ಚಿಂತಿಸಿ, ಗಾಡಿ ಹೊರಡಿಸದೆ ಮೇಸ್ತ್ರಿಯನ್ನು ಕರೆಸಿ. ಡಬ್ಬಿಯಲ್ಲಿ ಆಯಿಲ್ ಎರಡು ಗೆರೆಗಳ ನಡುವೆ ಇದೆಯೇ ನೋಡಿ.

ಪಿನ್ನಿನ ರಬ್ಬರ್ ಕಿಟ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನು ಹಾಕುವವರೆಗೆ ಧೂಳಿಗೂ ನೀರಿಗೂ ಗಾಡಿ ಇಳಿಸಬೇಡಿ. ಹೊಸ ಪ್ಯಾಡನ್ನು ಪಳಗಿಸಲು ಖಾಲಿ ರಸ್ತೆಯಲ್ಲಿ, ಖಾಲಿ ಗಾಡಿಯಲ್ಲಿ, ಗಂಟೆಗೆ 50 ಕಿಲೋಮೀಟರ್ ವೇಗದಿಂದ 10ಕ್ಕೆ ಮೆಲ್ಲಗೆ ಇಳಿಸುವುದನ್ನು ಹತ್ತು ಸಲ ಮಾಡಿ, ನಡುನಡುವೆ ಡಿಸ್ಕ್ ಆರಲು ಬಿಡಿ. ಪ್ರತಿ ಗಾಲಿಯ ನಟ್ಟುಗಳನ್ನು ಎದುರು ಬದುರಾಗಿ ಬಿಗಿದಿದ್ದೀರಿ ತಾನೇ? ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಅದೇ ಹೊತ್ತಿಗೆ ಎರಡೂ ಮುಂದಿನ ಗಾಲಿಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಎಡಗಡೆ ಬಲಕ್ಕಿಂತ ಹೆಚ್ಚು ಕಾವು ಹೊಡೆಯುತ್ತಿದ್ದರೆ ಆ ಬದಿಯ ಬ್ರೇಕ್ ಇನ್ನೂ ಬಿಡದೆ ಹಿಡಿಯುತ್ತಿದೆ ಎಂದರ್ಥ, ಆಗ ಕ್ಯಾಲಿಪರನ್ನೇ ಬಿಚ್ಚಿಸಿ ಪಿಸ್ಟನ್ ನೋಡಿಸಬೇಕು.

ಗಂಗಾವತಿಯ ಪಿಕಪ್ ಮಾಲೀಕ

ನಟ್ಟುಗಳನ್ನು ಎದುರು ಬದುರಾಗಿಯೇ ಬಿಗಿದಿದ್ದೇನೆ, ಮೇಸ್ತ್ರಿಗಳೇ. ಇಂದು ಖಾಲಿ ಗಾಡಿಯಲ್ಲಿ ಓಡಾಡಿ ನೋಡಿದೆ, ಎರಡೂ ಬದಿಯ ಕಾವು ಒಂದೇ ಸಮನಾಗಿದೆ. ರಬ್ಬರ್ ಕಿಟ್ ಬುಧವಾರ ಬರುತ್ತದೆಂದು ಅಂಗಡಿಯವರು ಹೇಳಿದ್ದಾರೆ. ಅಲ್ಲಿಯವರೆಗೆ ಬಾಡಿಗೆ ಒಪ್ಪಿಕೊಂಡಿಲ್ಲ.