ಅಪ್‌ಡೇಟ್: ಸ್ಟೇನ್‌ಲೆಸ್ ಕ್ಷೌರದ ಕತ್ತಿ ಈಗ ಬೋಳಿಸ್ತದ

8000 ಗ್ರಿಟ್ (ಅಂಕಿ ಹೆಚ್ಚಾದಷ್ಟೂ ಕಲ್ಲು ನುಣುಪು) ಕಲ್ಲಿನ ಮ್ಯಾಲೆ ಎಷ್ಟು ಮಸೆದ್ರೂ ಕತ್ತಿ ಗಡ್ಡ ಎಳೀತದ, ಬೋಳಿಸಂಗಿಲ್ಲ, ಯಾಕ ಅಂತ ಇಲ್ಲಿ ಹಿಂದ ಕೇಳಿದ್ದೆ. ಬಾಗಲಕೋಟೆ ಅಣ್ಣಾರು ಹೇಳಿದ ಮಾರ್ಕರ್ ಪರೀಕ್ಷೆಯಿಂದ ಕಾರಣ ಸಿಕ್ತು: ಬಾಯಿಗೆ (ಹರಿತ ಅಂಚಿಗೆ) ಮಾರ್ಕರ್ ಶಾಯಿ ಹಚ್ಚಿ 1000ದ ಕಲ್ಲಿಗೆ ಒಮ್ಮೆ ಎಳೆದ್ರ ಬಾಯಿಯ ತುದಿಗೆ ಶಾಯಿ ಹಂಗ ಉಳೀತು. ಅಂದ್ರ ಎರಡೂ ಬದಿಯ ಇಳಿಜಾರು ತುದಿಯಲ್ಲಿ ಕೂಡೇ ಇರಲಿಲ್ಲ. ನುಣುಪು ಕಲ್ಲು ಅದನ್ನ ಸರಿ ಮಾಡಂಗಿಲ್ಲ.

ಮೊದಲು ಕಲ್ಲು ಸಪಾಟು ಬೇಕು: ಪೆನ್ಸಿಲ್ ಗೆರೆ ಎಳೆದು, ಗಾಜಿನ ಮ್ಯಾಲಿಟ್ಟ 400ರ ವಾಟರ್ ಪೇಪರಿಗೆ ಗೆರೆ ಪೂರ್ತಿ ಹೋಗೋತನಕ ಉಜ್ಜೋದು. ಆಮ್ಯಾಲೆ ಬೆನ್ನು, ಬಾಯಿ ಎರಡೂ 1000ದ ಕಲ್ಲಿಗೆ ತಾಗಿಸಿ, ಬಾಯಿ ಮುಂದ ಮಾಡಿ ಎಳೆಯೋದು, ಬೆನ್ನಿನ ಮ್ಯಾಲೇ ಹೊರಳಿಸೋದು. ಸ್ಟೇನ್‌ಲೆಸ್‌ದಾಗಿನ ಕ್ರೋಮಿಯಂ ಕಾರ್ಬೈಡ್ ಕಣ ಗಟ್ಟಿ. ಸವೆತ ನಿಧಾನ, ಬರ್ (ಮಸೆದಾಗ ಬಾಯಿಗೆ ಏಳೋ ತೆಳು ಲೋಹದ ಎಳೆ) ಅಂತೂ ಭಾಳ ಹಟಮಾರಿ. ಅದಕ್ಕ ಪ್ರತಿ ಎಳೆತಕ್ಕೂ ಬದಿ ಬದಲಿಸಿ, ಕಡೀಕಡೀಕ ಕತ್ತಿಯ ತೂಕವಷ್ಟೇ ಬಿಡಬೇಕು. ಹಿಡಿಯಿಂದ ತುದಿತನಕ ಮುಂಗೈ ಕೂದಲು ತೆಗೆದ್ರ ಮಾತ್ರ 4000, ಆಮ್ಯಾಲೆ 8000.

ಚರ್ಮದ ಪಟ್ಟಿಗೆ 50 ಸಲ, ಬೆನ್ನು ಮುಂದ. ಇಲ್ಲಿ ಬಾಯಿ ಮುಂದಾದ್ರ ಪಟ್ಟಿ ಹೋತು!

ಗದ್ದದ ಕೆಳಗ ಇನ್ನೂ ಚೂರು ಎಳೀತದ. ಪಟ್ಟಿಗೆ ಹಚ್ಚೋ 0.5 ಮೈಕ್ರಾನ್ ಕ್ರೋಮಿಯಂ ಆಕ್ಸೈಡ್ ಪೇಸ್ಟ್ ವಿಜಯಪುರದಾಗ ಸಿಗತದೇನ್ರಿ?