ಅಪ್‌ಡೇಟ್: ವಿ8 ಬಿಟ್ಟು ಇಕೋಬೂಸ್ಟ್ ತಗೊಂಡೆ

ಡೆನ್ವರ್‌ನಿಂದ ಬೆಟ್ಟದ ಕಡೆ ಕ್ಯಾಂಪರ್ ಟ್ರೇಲರ್ ಎಳೆಯೋಕೆ 2022ರ ಫೋರ್ಡ್ ಎಫ್-150 ಪಿಕಪ್ ಟ್ರಕ್ಕಿನಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೆ: 5.0 ಲೀಟರ್ ವಿ8 (ಟರ್ಬೊ ಇಲ್ಲದ ಎಂಟು ಸಿಲಿಂಡರ್ ಎಂಜಿನ್) ಜೊತೆ 3.73 ಆಕ್ಸಲ್ (ಅಂದರೆ ಆಕ್ಸಲ್ ಗೇರ್ ಅನುಪಾತ), ಇಲ್ಲವೇ 3.5 ಲೀಟರ್ ಇಕೋಬೂಸ್ಟ್ (ಫೋರ್ಡ್ ಕಂಪನಿಯ ಟರ್ಬೊ ವಿ6 ಎಂಜಿನ್) ಜೊತೆ 3.55. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಎರಡನೆಯದನ್ನೇ ಕೊಂಡೆ.

ಎರಡಕ್ಕೂ 400 ಹಾರ್ಸ್‌ಪವರ್. ಆದರೆ ವಿ8ರ ಟಾರ್ಕ್ (ತಿರುಗಿಸುವ ಬಲ) 410 ಪೌಂಡ್-ಫೀಟ್, ಅದೂ 4250 ಆರ್‌ಪಿಎಂನಲ್ಲಿ. ಇಕೋಬೂಸ್ಟ್‌ದು 500, 3100ಕ್ಕೇ ಸಿಗುತ್ತದೆ. ಇದಕ್ಕಿಂತ ದೊಡ್ಡ ವಿಷಯ ಎತ್ತರ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಬೆಟ್ಟದ ಕಡೆ ಹೋಗುವ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಇರುವುದು 11,000 ಅಡಿಗೂ ಮೇಲೆ. ಅಲ್ಲಿ ವಿ8ಗೆ ಮೂರನೇ ಒಂದು ಭಾಗದಷ್ಟು ಉಸಿರು ಹೋಗಿರುತ್ತದೆ, ಅಲ್ವಾ? ಟರ್ಬೊ ತೆಳು ಗಾಳಿಯನ್ನೂ ಒತ್ತಿ ತುಂಬುತ್ತದೆ.

ಆಕ್ಸಲ್ ಬಗ್ಗೆ ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 10 ಸ್ಪೀಡ್ ಗೇರ್‌ಬಾಕ್ಸ್‌ನ ಮೊದಲ ಗೇರ್ 4.696. ಅದನ್ನು 3.55ರಿಂದ ಗುಣಿಸಿದರೆ ಒಟ್ಟು ಅನುಪಾತ 16.7, 3.73ರಿಂದ 17.5. ವ್ಯತ್ಯಾಸ ಬರೀ 5%. ಟೋ ರೇಟಿಂಗ್ (ಎಷ್ಟು ಭಾರ ಎಳೆಯಬಹುದು ಅನ್ನೋ ಮಿತಿ) ಮಾತ್ರ ಆಕ್ಸಲ್ ಮೇಲೆ ಬದಲಾಗುತ್ತದೆ, ಅದನ್ನು ನೋಡಿಯೇ ಕೊಳ್ಳಿ.

ಸುರಂಗದ ಏರಿನಲ್ಲಿ ಟ್ರೇಲರ್ ಕಟ್ಟಿಕೊಂಡೇ ಹತ್ತಿಸಿದೆ. ಎಂಜಿನ್ ಕಿರುಚಲಿಲ್ಲ, ಗೇರ್ ಪದೇ ಪದೇ ಬದಲಾಗಲಿಲ್ಲ. ಇಳಿಜಾರಿನಲ್ಲಿ ಟೋ/ಹಾಲ್ ಮೋಡ್ (ಭಾರ ಎಳೆಯುವಾಗ ಹಾಕುವ ಗೇರ್ ಸೆಟ್ಟಿಂಗ್) ತಾನೇ ಗೇರ್ ಇಳಿಸಿ ವೇಗ ಹಿಡಿದಿತ್ತು. ಪೆಟ್ರೋಲ್ ಮಾತ್ರ ಚೆನ್ನಾಗಿಯೇ ಕುಡಿಯುತ್ತದೆ, ಟರ್ಬೊ ಮೇಲೆ ಭಾರ ಬಿದ್ದಾಗ ಅದು ತಪ್ಪಿದ್ದಲ್ಲ. ಬಯಲು ಸೀಮೆಯಲ್ಲೇ ಓಡಿಸುವವರಾಗಿದ್ದರೆ ನಾನು ವಿ8 ಅನ್ನೇ ಹೇಳುತ್ತಿದ್ದೆ.