ಕಿಡ್ನಿ ಡಾಕ್ಟರನ್ನು ಕೇಳಿ: ಮದ್ದು ಸೊಪ್ಪಿನ ಕೆಂಪಾ, ರಕ್ತದ ಕೆಂಪಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 5ರಿಂದ ಕಿಡ್ನಿ ಡಾಕ್ಟರ್ ಮೇಡಂ ನಮ್ಮ ಜೊತೆ ಇರುತ್ತಾರೆ. ನಮ್ಮ ಕೊಡಗಿನ ನಾಪೋಕ್ಲು ಕಡೆಯವರು, ಈಗ ಮೈಸೂರಿನಲ್ಲಿದ್ದಾರೆ. ಕಿಡ್ನಿ ಕಾಯಿಲೆ, ವೈರಸ್ ಜ್ವರ ಇವೆಲ್ಲ ಗಂಡಸರಿಗೆ ಒಂದು ಥರ, ಹೆಂಗಸರಿಗೆ ಇನ್ನೊಂದು ಥರ ಯಾಕೆ ಬರುತ್ತವೆ ಅನ್ನುವುದು ಇವತ್ತಿನ ವಿಷಯ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕುಶಾಲನಗರದಿಂದ: ಮೇಡಂ, ಕಾಫಿ ಕುಡಿದರೆ ಕಿಡ್ನಿಗೆ ತೊಂದರೆಯಾ?

ಡಾಕ್ಟರ್: ದಿನಕ್ಕೆ ಎರಡು ಮೂರು ಲೋಟ ಕುಡಿದರೆ ತೊಂದರೆ ಇಲ್ಲ. ಸಕ್ಕರೆ ಕಮ್ಮಿ ಮಾಡಿ.

ಸುಂಟಿಕೊಪ್ಪದಿಂದ: ನನಗೂ ನಮ್ಮ ಮನೆಯವರಿಗೂ 50 ವರ್ಷ. ಇಬ್ಬರಿಗೂ ಕ್ರಿಯೇಟಿನಿನ್ 1.2 ಬಂದಿದೆ. ಲ್ಯಾಬಿನವರು ಇಬ್ಬರದ್ದೂ ಪರವಾಗಿಲ್ಲ ಅಂದರು. ಸುಮ್ನೆ ಇರಬಹುದಾ?

ಡಾಕ್ಟರ್: ನಿಮ್ಮ ಯಜಮಾನರು ಸದ್ಯಕ್ಕೆ ಗಾಬರಿಯಾಗಬೇಕಿಲ್ಲ. ನೀವು ಸುಮ್ನೆ ಇರಬೇಡಿ ಅಕ್ಕ. ಕ್ರಿಯೇಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕುವ ಕಸ, ಅದು ಬರುವುದು ಮಾಂಸಖಂಡದಿಂದ. ಹೆಂಗಸರಿಗೆ ಮಾಂಸಖಂಡ ಕಮ್ಮಿ, ಹಾಗಾಗಿ ಅದೇ 1.2ರ ಅರ್ಥವೇ ಬೇರೆ. ಈಗ ಬಳಸುವ ಲೆಕ್ಕದಲ್ಲಿ ಅವರ ಕಿಡ್ನಿ ಸೋಸುವ ಪ್ರಮಾಣ ನಿಮಿಷಕ್ಕೆ ಸುಮಾರು 74 ಮಿ.ಲೀ., ನಿಮ್ಮದು ಸುಮಾರು 55. ಮೂರು ತಿಂಗಳಾದರೂ 60ಕ್ಕಿಂತ ಕೆಳಗೇ ಇದ್ದರೆ ಅದು ಕಿಡ್ನಿ ಕಾಯಿಲೆ. ಯೂರಿನ್ ಆಲ್ಬುಮಿನ್ ಟೆಸ್ಟ್ ಮಾಡಿಸಿ, ರಕ್ತ ಇನ್ನೊಮ್ಮೆ ಕೊಡಿ.

ಗೋಣಿಕೊಪ್ಪದಿಂದ: ಮಡಿಕೇರಿಯಲ್ಲಿ ಡಯಾಲಿಸಿಸ್‌ಗೆ ಸರದಿ ಸಿಗಲು ಎಷ್ಟು ದಿನ ಕಾಯಬೇಕು?

ಮಡಿಕೇರಿ, ನಿವೃತ್ತ ಮೇಷ್ಟ್ರು: ಕೊರೊನಾದಲ್ಲಿ ನಮ್ಮ ಕಡೆ ಹೋದವರಲ್ಲಿ ಗಂಡಸರೇ ಜಾಸ್ತಿ. ಬೀಡಿ, ಕುಡಿತ ಕಾರಣ ಅನ್ನುತ್ತಾರೆ. ಅಷ್ಟೇನಾ ಮೇಡಂ?

ಡಾಕ್ಟರ್: ಅದೂ ಒಂದು ಕಾರಣ ಸಾರ್, ಆದರೆ ಅಷ್ಟೇ ಅಲ್ಲ. ಹೆಂಗಸರಿಗೆ ಎರಡು ಎಕ್ಸ್ ಕ್ರೋಮೋಸೋಮ್, ಗಂಡಸರಿಗೆ ಒಂದೇ. ವೈರಸ್ ಒಳಗೆ ಬಂದಿದೆ ಎಂದು ಮೊದಲು ಕೂಗಿ ಹೇಳುವ ಕಾವಲುಗಾರರಲ್ಲಿ ಒಂದು ಟಿಎಲ್‌ಆರ್7 ಎಂಬ ಜೀನ್. ಅದು ಇರುವುದು ಎಕ್ಸ್ ಮೇಲೆ. 2020ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಎರಡು ಮನೆಗಳ ಇಬ್ಬಿಬ್ಬರು ಅಣ್ಣತಮ್ಮಂದಿರು, ನಾಲ್ವರೂ ಗಟ್ಟಿಮುಟ್ಟಾದ ಯುವಕರು, ಕೊರೊನಾದಿಂದ ಐಸಿಯು ಸೇರಿದರು. ಒಬ್ಬ ತೀರಿಕೊಂಡ. ನಾಲ್ವರಲ್ಲೂ ಈ ಜೀನ್ ಕೆಟ್ಟಿತ್ತು. ಹೆಂಗಸರಿಗಾದರೆ ಇನ್ನೊಂದು ಎಕ್ಸ್‌ನಲ್ಲಿ ಒಳ್ಳೆಯ ಪ್ರತಿ ಇರುತ್ತದೆ.

ಆದರೆ ಇದಕ್ಕೆ ಹೆಂಗಸರು ತೆರುವ ಬೆಲೆಯೂ ಇದೆ. ಹೆಂಗಸರ ಕೆಲವು ರೋಗನಿರೋಧಕ ಕೋಶಗಳಲ್ಲಿ ಎರಡೂ ಎಕ್ಸ್‌ನ ಟಿಎಲ್‌ಆರ್7 ಕೆಲಸ ಮಾಡುತ್ತದೆ. ಕಾವಲು ಅತಿಯಾದರೆ ಅದು ನಮ್ಮ ಮೈಮೇಲೇ ತಿರುಗಿಬೀಳಬಹುದು. ಲೂಪಸ್ ಅಂಥ ಕಾಯಿಲೆ. ಹತ್ತು ರೋಗಿಗಳಲ್ಲಿ ಒಂಬತ್ತು ಜನ ಹೆಂಗಸರು, ಎಷ್ಟೋ ಜನರಿಗೆ ಅದು ಕಿಡ್ನಿಗೆ ಬರುತ್ತದೆ. ಹರೆಯದ ಹುಡುಗಿಗೆ ಗಂಟು ನೋವು, ಕೆನ್ನೆ ಕೆಂಪು, ಕಾಲು ಊತ ಇದ್ದರೆ ‘ರಕ್ತ ಕಮ್ಮಿ’ ಎಂದು ಟಾನಿಕ್ ಕೊಟ್ಟು ಕೂರಿಸಬೇಡಿ. ಯೂರಿನ್ ಟೆಸ್ಟ್ ಮಾಡಿಸಿ.

ಪೊನ್ನಂಪೇಟೆಯಿಂದ: ಕಕ್ಕಡ (ಆಟಿ) ತಿಂಗಳ 18ಕ್ಕೆ ನಮ್ಮಲ್ಲಿ ಎಲ್ಲರೂ ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗಿದೆ. ಕಿಡ್ನಿಗೆ ತೊಂದರೆಯಾ?

ಡಾಕ್ಟರ್: ಅದು ಸೊಪ್ಪಿನ ಬಣ್ಣ. ಒಂದೆರಡು ದಿನದಲ್ಲಿ ಹೋಗಬೇಕು. ಹೋಗದಿದ್ದರೆ ಟೆಸ್ಟ್ ಮಾಡಿಸಿ.

ವಿರಾಜಪೇಟೆ, ಒಬ್ಬ ತಾಯಿ: ಮೇಡಂ, ಇದೇ ಪ್ರಶ್ನೆ ನನ್ನದೂ. ಮಗನಿಗೆ 13 ವರ್ಷ. ಪಾಯಸ ತಿಂದ ಮೂರನೇ ದಿನ ಮೂತ್ರ ಬೆಲ್ಲದ ಕಾಫಿ ಬಣ್ಣಕ್ಕೆ ಬಂತು. ಮದ್ದು ಸೊಪ್ಪು ಅಂತ ಬಿಟ್ಟೆವು. ಆದರೆ ಜೂನ್‌ನಲ್ಲಿ ನೆಗಡಿ ಜ್ವರ ಬಂದಾಗಲೂ ಹೀಗೇ ಆಗಿತ್ತು. ಆಗ ಸೊಪ್ಪು ತಿಂದಿರಲಿಲ್ಲ.

ಡಾಕ್ಟರ್: ಈ ಸಲವೂ ನೆಗಡಿ ಇತ್ತಾ? ಕಿವಿ ಹೇಗಿದೆ? ನಿಮ್ಮ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಇತ್ತಾ? ನಿಮ್ಮ ಯೂರಿನ್ ಟೆಸ್ಟ್ ಯಾವತ್ತಾದರೂ ಮಾಡಿಸಿದ್ದೀರಾ?

ವಿರಾಜಪೇಟೆ, ಒಬ್ಬ ತಾಯಿ: ನೆಗಡಿ ಇತ್ತು. ಹಿಂದಿನ ಬೆಂಚಲ್ಲಿ ಕೂತರೆ ಟೀಚರ್ ಹೇಳಿದ್ದು ಕೇಳಿಸುವುದಿಲ್ಲ ಅನ್ನುತ್ತಾನೆ. ನನ್ನ ಅಣ್ಣ 27ಕ್ಕೆ ಡಯಾಲಿಸಿಸ್‌ನಲ್ಲೇ ಹೋದ. ಅವನಿಗೂ ಕಿವಿ ಮಂದ. ಕೈಲ್ ಮುಹೂರ್ತದ ಆಯುಧ ಹಬ್ಬದಲ್ಲಿ ಕೋವಿ ಶಬ್ದಕ್ಕೆ ಹಾಗಾಯಿತು ಅಂದುಕೊಂಡಿದ್ದೆವು. ನನಗೆ ಬಸುರಿಯಲ್ಲಿ ಯೂರಿನ್‌ನಲ್ಲಿ ರಕ್ತದ ಕಣ ಇದೆ ಅಂದಿದ್ದರು, ಇನ್‌ಫೆಕ್ಷನ್ ಅಂತ ಮಾತ್ರೆ ಕೊಟ್ಟರು.

ಡಾಕ್ಟರ್: ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೇರೆ ಪ್ರಶ್ನೆಗಳು ಸ್ವಲ್ಪ ಕಾಯಲಿ.

ನೆಗಡಿಯ ಜೊತೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದು ಐಜಿಎ ನೆಫ್ರೋಪತಿ ಎಂಬ ಇನ್ನೊಂದು ಕಿಡ್ನಿ ಕಾಯಿಲೆಯಲ್ಲೂ ಉಂಟು. ಆದರೆ ಕಿವಿಯೂ ಸೇರಿದೆ, ಸೋದರಮಾವನೂ ಹೀಗೇ ಹೋಗಿದ್ದಾರೆ. ನನ್ನ ಅನುಮಾನ ಆಲ್ಪೋರ್ಟ್ ಎಂಬ ಕಾಯಿಲೆಯ ಮೇಲೆ. ಕಿಡ್ನಿಯ ಸೋಸುವ ಪರದೆ ಒಂದು ಬಗೆಯ ಕೊಲಾಜೆನ್ ನೂಲಿನಿಂದ ಆಗಿರುತ್ತದೆ. ಅದೇ ನೂಲು ಒಳಕಿವಿಯಲ್ಲೂ ಇದೆ, ಕಣ್ಣಿನಲ್ಲೂ ಇದೆ. ಅದನ್ನು ಮಾಡುವ ಒಂದು ಜೀನ್, ಸಿಒಎಲ್4ಎ5, ಎಕ್ಸ್ ಮೇಲಿದೆ. ಹುಡುಗನಿಗೆ ಇರುವುದು ಒಂದೇ ಎಕ್ಸ್, ಅದು ನಿಮ್ಮಿಂದ ಬಂದದ್ದು. ಅದರಲ್ಲಿ ಜೀನ್ ಕೆಟ್ಟಿದ್ದರೆ ಇಡೀ ಪರದೆ ಪಿಸಿದ ನೂಲಿನದೇ. ಚಿಕಿತ್ಸೆ ಇಲ್ಲದ ಗಂಡುಮಕ್ಕಳಲ್ಲಿ ಸುಮಾರು ಅರ್ಧ ಜನರ ಕಿಡ್ನಿ 25ರ ಹೊತ್ತಿಗೆ ನಿಲ್ಲುತ್ತದೆ, 40ರ ಹೊತ್ತಿಗೆ 100ರಲ್ಲಿ 90 ಜನರದ್ದು.

ಈಗ ನಿಮ್ಮ ವಿಷಯ. ಹೆಣ್ಣಿನ ಪ್ರತಿ ಕೋಶವೂ ಗರ್ಭದ ಮೊದಲ ದಿನಗಳಲ್ಲೇ ಎರಡರಲ್ಲಿ ಒಂದು ಎಕ್ಸನ್ನು ಮಲಗಿಸಿಬಿಡುತ್ತದೆ. 1961ರಲ್ಲಿ ಮೇರಿ ಲಯನ್ ಇದನ್ನು ಮುಂದಿಟ್ಟರು. ಆಗಲೇ ಹೇಳಿದ ಟಿಎಲ್‌ಆರ್7 ಥರದ ಕೆಲವು ಜೀನ್‌ಗಳು ಮಾತ್ರ ಅದರಲ್ಲೂ ಎಚ್ಚರ ಇರಬಹುದು. ಯಾವ ಎಕ್ಸ್ ಮಲಗುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಹಾಗಾಗಿ ನಿಮ್ಮ ಪರದೆಯಲ್ಲಿ ಒಂದು ಕಡೆ ಗಟ್ಟಿ ನೂಲು, ಪಕ್ಕದಲ್ಲೇ ಪಿಸಿದ ನೂಲು. ಒಬ್ಬ ಅಕ್ಕನಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ, ಅವಳ ತಂಗಿಗೆ 50ಕ್ಕೇ ಡಯಾಲಿಸಿಸ್. ‘ಹೆಂಗಸರು ಬರೀ ದಾಟಿಸುವವರು, ಅವರಿಗೆ ಏನೂ ಆಗಲ್ಲ’ ಎಂದು ನಾವು ಡಾಕ್ಟರುಗಳೇ ವರ್ಷಗಟ್ಟಲೆ ಹೇಳಿಕೊಂಡು ಬಂದೆವು. ಅದು ತಪ್ಪು. 60ರ ಹೊತ್ತಿಗೆ ಇಂಥ 100 ಹೆಂಗಸರಲ್ಲಿ 15ರಿಂದ 30 ಜನರ ಕಿಡ್ನಿ ನಿಲ್ಲುತ್ತದೆ. ನಿಮ್ಮ ಬಸುರಿಯಲ್ಲಿ ಕಂಡ ಆ ರಕ್ತದ ಕಣ ಇನ್‌ಫೆಕ್ಷನ್ ಆಗಿರಲಿಕ್ಕಿಲ್ಲ.

ಮಗನ ಯೂರಿನ್ ಪ್ರೋಟೀನ್, ಕ್ರಿಯೇಟಿನಿನ್, ಬಿಪಿ, ಕಿವಿಯ ಆಡಿಯೋಮೆಟ್ರಿ, ಕಣ್ಣು ಎಲ್ಲ ನೋಡಬೇಕು. ಜೀನ್ ಟೆಸ್ಟ್ ಮಾಡಿಸೋಣ. ಕೆಲವು ಮನೆಗಳಲ್ಲಿ ದೋಷ ಎಕ್ಸ್‌ನಲ್ಲಿರದೆ ಬೇರೆ ಎರಡು ಜೀನ್‌ಗಳಲ್ಲಿರುತ್ತದೆ, ಅದೂ ಗೊತ್ತಾಗುತ್ತದೆ. ರಾಮಿಪ್ರಿಲ್ ಥರದ ಮಾತ್ರೆ ಬೇಗ ಶುರುಮಾಡಿದರೆ ಡಯಾಲಿಸಿಸ್ ಎಷ್ಟೋ ವರ್ಷ ಮುಂದೆ ಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ನೀವೇ ತೆಗೆದುಕೊಳ್ಳಬೇಡಿ. ಜ್ವರಕ್ಕೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಲೇಬೇಡಿ.

ವಿರಾಜಪೇಟೆ, ಒಬ್ಬ ತಾಯಿ: ಬೇಕಾದರೆ ನನ್ನ ಒಂದು ಕಿಡ್ನಿ ಕೊಡುತ್ತೇನೆ ಮೇಡಂ. ಇವತ್ತೇ ಕೊಡುತ್ತೇನೆ.

ಡಾಕ್ಟರ್: ಈಗ ಆ ಮಾತು ಬೇಡ ತಾಯಿ. ಮುಂದೆ ಬೇಕಾದರೂ ನೀವು ಕೊನೆಯ ಆಯ್ಕೆ. ನಿಮ್ಮ ಕಿಡ್ನಿಯನ್ನು ಮೊದಲು ಕಾಪಾಡಬೇಕು. ನಮ್ಮ ದೇಶದಲ್ಲಿ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಪಡೆಯುವವರು ಗಂಡಸರೇ ಜಾಸ್ತಿ. ಕೊಡುವವಳನ್ನು ಸರಿಯಾಗಿ ಪರೀಕ್ಷೆ ಮಾಡದೆ ಮುಂದುವರಿಯಲು ನಾನು ಒಪ್ಪುವುದಿಲ್ಲ.

ಸೋಮವಾರಪೇಟೆಯಿಂದ: ಅಂದರೆ ಇದು ತಾಯಿ ಮನೆ ಕಡೆಯ ದೋಷ. ಹೆಣ್ಣು ನೋಡುವಾಗಲೇ ವಿಚಾರಿಸಬೇಕು.

ಅಮ್ಮತ್ತಿಯಿಂದ: ಮಗುವಿಗೆ ಹುಷಾರಿಲ್ಲ ಅಂತ ಒಬ್ಬಳು ಬರೆದಿದ್ದಾಳೆ. ಅವಳ ಮುಂದೆ ಆಡುವ ಮಾತಾ ಇದು?

ಸೋಮವಾರಪೇಟೆಯಿಂದ: ಡಾಕ್ಟರ್ ಹೇಳಿದ್ದನ್ನೇ ಹೇಳಿದೆ. ನಿಮಗ್ಯಾಕೆ ಸಿಟ್ಟು?

ಡಾಕ್ಟರ್: ನಾನು ಹಾಗೆ ಹೇಳಿಲ್ಲ. ಈ ಜೀನ್ ಇರುವ ಗಂಡಸು ಅದನ್ನು ತನ್ನ ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತಾನೆ, ಗಂಡುಮಕ್ಕಳಲ್ಲಿ ಒಬ್ಬರಿಗೂ ಕೊಡುವುದಿಲ್ಲ. ನಾವು ಒಕ್ಕದ (ಮನೆತನದ) ವಂಶಾವಳಿ ಬರೆಯುವುದು ಗಂಡಸರ ಹೆಸರು ಹಿಡಿದು. ಈ ಕಾಯಿಲೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಜೊತೆ ಬೇರೆ ಬೇರೆ ಒಕ್ಕಗಳಿಗೆ ಹೋಗಿರುತ್ತದೆ, ಯಾರ ಪುಸ್ತಕದಲ್ಲೂ ಕಾಣುವುದಿಲ್ಲ. ಅದಕ್ಕೇ ಕೇಳುವುದು: ನಿಮ್ಮ ಅತ್ತೆಯಂದಿರ, ಚಿಕ್ಕಮ್ಮಂದಿರ ಮಕ್ಕಳು ಹೇಗಿದ್ದಾರೆ ಎಂದು ಫೋನ್ ಮಾಡಿ ವಿಚಾರಿಸಿ. ದೋಷ ಹುಡುಕಲು ಅಲ್ಲ, ಮಾತ್ರೆ ಬೇಗ ಶುರುಮಾಡಲು.

ಚೆಟ್ಟಳ್ಳಿಯಿಂದ: ನನಗೆ ಬಂದ ಮೆಸೇಜ್. ‘ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬಿಂಬುಳಿ (ಬಿಲಿಂಬಿ ಹುಳಿಕಾಯಿ) ರಸ, ಹತ್ತು ದಿನದಲ್ಲಿ ಕಿಡ್ನಿ ಕ್ಲೀನ್. ಎಲ್ಲರಿಗೂ ಕಳಿಸಿ.’

ಡಾಕ್ಟರ್: ಕುಡಿಯಬೇಡಿ. ಪಕ್ಕದ ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿಯಲಿ ಎಂದು ಇದೇ ರಸ ಕುಡಿದು ಕಿಡ್ನಿ ನಿಂತವರು ಇದ್ದಾರೆ. ಅದರಲ್ಲಿರುವ ಆಕ್ಸಲೇಟ್ ಹರಳಾಗಿ ಕಿಡ್ನಿ ನಳಿಗೆಯಲ್ಲಿ ಕೂರುತ್ತದೆ. ಕಿಡ್ನಿ ಕಾಯಿಲೆ ಇದ್ದವರಿಗೆ ಸ್ಟಾರ್ ಫ್ರೂಟ್ ಇನ್ನೂ ಅಪಾಯ, ಫಿಟ್ಸ್ ಬಂದು ಸತ್ತವರಿದ್ದಾರೆ. ದಯವಿಟ್ಟು ಇದನ್ನು ಅಳಿಸಿ.

ಚೆಟ್ಟಳ್ಳಿಯಿಂದ: ನಮ್ಮ ಅಜ್ಜಿ ಬಿಂಬುಳಿ ತಿಂದೇ 90 ವರ್ಷ ಬದುಕಿದ್ದರು.

ಅಮ್ಮತ್ತಿಯಿಂದ: ಅಜ್ಜಿ ಸಾರಿಗೆ ಎರಡು ಕಾಯಿ ಹಾಕಿದ್ದು, ಲೋಟಗಟ್ಟಲೆ ಕುಡಿದಿಲ್ಲ. ಅಳಿಸಿ ಅಂದರೆ ಅಳಿಸಿ.

ಚೆಟ್ಟಳ್ಳಿಯಿಂದ: ನಿಮ್ಮನ್ನು ಯಾರೂ ಕೇಳಲಿಲ್ಲ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಮೆಸೇಜ್ ತೆಗೆದಿದ್ದೇನೆ.

ಸಿದ್ದಾಪುರದಿಂದ: ಕಾಫಿ ಕುಡಿಯಬಹುದಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಪೊನ್ನಂಪೇಟೆಯಿಂದ: ಇಲಿ ಜ್ವರವೂ ವೈರಸ್ಸಾ? ಅದೂ ಕಿಡ್ನಿಗೆ ಬರುತ್ತದಂತೆ.

ಡಾಕ್ಟರ್: ಅಲ್ಲ, ಬ್ಯಾಕ್ಟೀರಿಯಾ. ಕಿಡ್ನಿಗೆ ಬರುತ್ತದೆ, ನಿಜ. ಗದ್ದೆಗೆ ಇಳಿದವರಿಗೆ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಗೋಣಿಕೊಪ್ಪದಿಂದ: ಡಯಾಲಿಸಿಸ್ ಸರದಿ ಬಗ್ಗೆ ಕೇಳಿದ್ದೆ. ಯಾರೂ ಹೇಳಲಿಲ್ಲ.

ವಿರಾಜಪೇಟೆ, ಒಬ್ಬ ತಾಯಿ: ಮೇಡಂ, ತಂಗಿಗೆ ಫೋನ್ ಮಾಡಿದೆ. ಹುದಿಕೇರಿಗೆ ಕೊಟ್ಟಿದ್ದೇವೆ. ಅವಳಿಗೀಗ ನಾಲ್ಕು ತಿಂಗಳು. ಅವಳಿಗೂ ಯೂರಿನ್‌ನಲ್ಲಿ ರಕ್ತದ ಕಣ ಇದೆ ಅಂದಿದ್ದಾರಂತೆ. ಬಿಪಿಗೆ ಯಾವುದೋ ಮಾತ್ರೆ ತಗೊಳ್ಳುತ್ತಿದ್ದಾಳೆ.

ಡಾಕ್ಟರ್: ಮಾತ್ರೆಯ ಹೆಸರು ಈಗಲೇ ಕೇಳಿ ನನಗೆ ಕಳಿಸಿ. ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟನ್’ ಎಂದಿದ್ದರೆ ಬಸುರಿಯಲ್ಲಿ ಬೇಡ. ಅವರ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಬದಲಾಯಿಸಿಕೊಳ್ಳಬೇಕು. ಗುರುವಾರ ನೀವು, ಮಗ, ತಂಗಿ ಮೂವರೂ ಬನ್ನಿ. ಅಣ್ಣನ ಹಳೆಯ ಫೈಲ್ ಅಟ್ಟದ ಮೇಲಿದ್ದರೂ ಹುಡುಕಿ ತನ್ನಿ.

ವಿರಾಜಪೇಟೆ, ಒಬ್ಬ ತಾಯಿ: ಹುಡುಕುತ್ತಿದ್ದೇನೆ ಮೇಡಂ. ತಂಗಿ ಫೋನ್ ಎತ್ತುತ್ತಿಲ್ಲ, ಅವಳ ಯಜಮಾನರಿಗೆ ಮಾಡುತ್ತೇನೆ.